ಮಗುವಿನ ಕೈಗೆ ಮೆಟಲ್ ಡಿಟೆಕ್ಟರ್: ಕೊಳ್ಳುವ ಮುನ್ನ ನಾಲ್ಕು ಮಾತು

ಮೆಟ್ರೊ ನಿಲ್ದಾಣ, ವಿಮಾನ ನಿಲ್ದಾಣ, ದೊಡ್ಡ ಅಂಗಡಿಗಳ ಬಾಗಿಲು, ಪರೀಕ್ಷಾ ಕೇಂದ್ರದ ಗೇಟು - ಇಂದಿನ ಮಕ್ಕಳು ಮೆಟಲ್ ಡಿಟೆಕ್ಟರನ್ನು ಎಲ್ಲೆಡೆ ನೋಡುತ್ತಾರೆ. ಚೌಕಟ್ಟು ದಾಟುವಾಗ 'ಕೀಂ' ಎಂದು ಕೂಗುವ ಆ ಯಂತ್ರಕ್ಕೆ ಜೇಬಿನಲ್ಲಿರುವ ಬೀಗದ ಕೈ ಹೇಗೆ ಗೊತ್ತಾಯಿತು ಎಂಬ ಕುತೂಹಲ ಯಾವ ಮಗುವಿಗೆ ತಾನೆ ಇರುವುದಿಲ್ಲ? ಇದರ ಜೊತೆಗೆ, ವಿದೇಶದಲ್ಲಿ ಯಾರೋ ಹೊಲದಲ್ಲಿ ಕೋಲಿನಂಥ ಯಂತ್ರ ಆಡಿಸುತ್ತ ಹೋಗಿ ಹಳೆಯ ನಾಣ್ಯಗಳ ಗಡಿಗೆಯನ್ನೇ ಪತ್ತೆ ಮಾಡಿದರೆಂಬ ಸುದ್ದಿಯನ್ನೂ ಮಕ್ಕಳು ನೋಡುತ್ತಾರೆ. ಆಮೇಲೆ ಮನೆಯಲ್ಲಿ ಬೇಡಿಕೆ ಶುರುವಾಗುತ್ತದೆ: "ಅಪ್ಪಾ, ನನಗೂ ಒಂದು ಕೊಡಿಸು."

ಬೇಡಿಕೆ ಕೆಟ್ಟದ್ದೇನಲ್ಲ. ಸೈಕಲ್, ಕ್ರಿಕೆಟ್ ಬ್ಯಾಟುಗಳಂತೆ ಇದು ಕೂಡ ಮಗುವನ್ನು ಮನೆಯಿಂದ ಹೊರಗೆ, ಬಿಸಿಲಿಗೆ, ಮಣ್ಣಿಗೆ ಕರೆದೊಯ್ಯುವ ಸಾಧನ. ಹತ್ತನೆಯ ತರಗತಿಯ ಭೌತವಿಜ್ಞಾನದ ಒಂದು ಇಡೀ ಅಧ್ಯಾಯ ಇದರೊಳಗೆ ಕೂತಿದೆ. ಆದರೆ ಅಂಗಡಿಯವರ ಮಾತು, ಡಬ್ಬಿಯ ಮೇಲಿನ ಚಿನ್ನದ ನಾಣ್ಯಗಳ ಚಿತ್ರ, ಜೊತೆಗೆ ನಮ್ಮ ನಾಡಿನಲ್ಲಿ ಬೇರುಬಿಟ್ಟಿರುವ 'ನಿಧಿ'ಯ ಆಸೆ - ಇವು ಮೂರೂ ಸೇರಿದರೆ ಪಾಲಕರು ದುಡ್ಡು ಕಳೆದುಕೊಳ್ಳುವುದು ಸುಲಭ. ಮಗು ತಪ್ಪು ದಾರಿ ಹಿಡಿಯುವುದು ಇನ್ನೂ ಸುಲಭ. ಆದ್ದರಿಂದ ಕೊಳ್ಳುವ ಮುನ್ನ ಕೆಲವು ಸಂಗತಿಗಳನ್ನು ತಿಳಿದಿರುವುದು ಒಳ್ಳೆಯದು.

ಯಂತ್ರ ಏನು ಮಾಡುತ್ತದೆ?

ಕೋಲಿನ ತುದಿಯಲ್ಲಿರುವ ತಟ್ಟೆಯೊಳಗೆ ತಾಮ್ರದ ತಂತಿಯ ಎರಡು ಸುರುಳಿಗಳಿರುತ್ತವೆ. ಒಂದು ಸುರುಳಿಯಲ್ಲಿ ಪರ್ಯಾಯ ವಿದ್ಯುತ್ ಹರಿಯುತ್ತದೆ. ಮಕ್ಕಳ ಯಂತ್ರಗಳಲ್ಲಿ ಅದರ ಆವೃತ್ತಿ ಸಾಮಾನ್ಯವಾಗಿ 6ರಿಂದ 8 ಕಿಲೋಹರ್ಟ್ಸ್. ಅಂದರೆ ಸೆಕೆಂಡಿಗೆ ಆರರಿಂದ ಎಂಟು ಸಾವಿರ ಆವರ್ತಗಳು. ಇದರಿಂದ ಸುರುಳಿಯ ಸುತ್ತ ಬದಲಾಗುತ್ತಲೇ ಇರುವ ಕಾಂತಕ್ಷೇತ್ರವೊಂದು ಹುಟ್ಟಿ ನೆಲದೊಳಗೆ ಇಳಿಯುತ್ತದೆ. ಅಲ್ಲಿ ಲೋಹದ ಚೂರು ಇದ್ದರೆ ಅದರಲ್ಲಿ ಸಣ್ಣ ಸುಳಿಪ್ರವಾಹಗಳು ಏಳುತ್ತವೆ. ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟ ವಿದ್ಯುತ್ಕಾಂತೀಯ ಪ್ರೇರಣೆ ಇದೇ. ಈ ಸುಳಿಪ್ರವಾಹಗಳು ತಮ್ಮದೇ ಕ್ಷೀಣ ಕಾಂತಕ್ಷೇತ್ರವನ್ನು ಹೊರಗೆ ಕಳುಹಿಸುತ್ತವೆ. ಎರಡನೆಯ ಸುರುಳಿ ಅದನ್ನು ಗುರುತಿಸುತ್ತದೆ. ಯಂತ್ರ ಸದ್ದು ಮಾಡುತ್ತದೆ.

ಲೋಹದ ಮರುತ್ತರ ಎಷ್ಟು ತಡವಾಗಿ ಬರುತ್ತದೆ ಎಂಬುದನ್ನು ಅಳೆದು, ಸಿಕ್ಕಿದ್ದು ಕಬ್ಬಿಣವೋ ತಾಮ್ರ, ಬೆಳ್ಳಿಯಂಥ ಲೋಹವೋ ಎಂದು ಯಂತ್ರ ಊಹಿಸುತ್ತದೆ. 'ಊಹಿಸುತ್ತದೆ' ಎಂಬ ಮಾತನ್ನು ಗಮನಿಸಬೇಕು. ಯಂತ್ರಕ್ಕೆ ಗೊತ್ತಾಗುವುದು ವಸ್ತು ವಿದ್ಯುತ್ತನ್ನು ಎಷ್ಟು ಚೆನ್ನಾಗಿ ಹರಿಯಗೊಡುತ್ತದೆ, ಅದರ ಗಾತ್ರ ಆಕಾರಗಳೆಂಥವು, ಅದು ಕಾಂತಕ್ಕೆ ಹೇಗೆ ಸ್ಪಂದಿಸುತ್ತದೆ ಎಂಬುದಷ್ಟೇ. ಅದರ ಬೆಲೆ ಗೊತ್ತಾಗುವುದಿಲ್ಲ. ಸಣ್ಣ ಚಿನ್ನದ ಉಂಗುರವೂ ಚಾಕೊಲೇಟಿನ ಅಲ್ಯುಮಿನಿಯಂ ಹಾಳೆಯ ಉಂಡೆಯೂ ಹೆಚ್ಚುಕಡಿಮೆ ಒಂದೇ ಸದ್ದು ಹೊರಡಿಸಬಹುದು. 'ಚಿನ್ನವನ್ನು ಮಾತ್ರ ತೋರಿಸುತ್ತದೆ' ಎಂದು ಯಾರಾದರೂ ಮಾರಲು ಬಂದರೆ ಅವರಿಂದ ದೂರವಿರಿ.

ಆಳದ ವಿಚಾರದಲ್ಲಿಯೂ ಭ್ರಮೆ ಬೇಡ. ಮಕ್ಕಳ ಯಂತ್ರ ಒಂದು ನಾಣ್ಯವನ್ನು ಸುಮಾರು 10ರಿಂದ 15 ಸೆಂಟಿಮೀಟರ್ ಆಳದವರೆಗೆ ಗುರುತಿಸಿದರೆ ಅದು ಒಳ್ಳೆಯ ಯಂತ್ರವೇ. ಒಂದು ಗೇಣಿಗಿಂತ ಕಡಿಮೆ! ವಸ್ತು ದೊಡ್ಡದಾದಷ್ಟೂ ಇನ್ನು ಸ್ವಲ್ಪ ಆಳದಲ್ಲಿದ್ದರೂ ತಿಳಿಯುತ್ತದೆ.

ಗುಂಡು ಹುಡುಕಿದ ಗ್ರಹಾಂಬೆಲ್

ಈ ಯಂತ್ರದ ಇತಿಹಾಸದಲ್ಲಿಯೇ ಮಕ್ಕಳಿಗೊಂದು ಪಾಠವಿದೆ. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್‌ಫೀಲ್ಡರ ಮೇಲೆ ವಾಷಿಂಗ್ಟನ್ನಿನ ರೈಲು ನಿಲ್ದಾಣದಲ್ಲಿ ಗುಂಡಿನ ದಾಳಿ ನಡೆಯಿತು. ಒಂದು ಗುಂಡು ದೇಹದೊಳಗೇ ಉಳಿಯಿತು. ಕ್ಷಕಿರಣ ಇನ್ನೂ ಪತ್ತೆಯಾಗಿರದ ಕಾಲ ಅದು. ದೂರವಾಣಿಯ ಜನಕ ಅಲೆಕ್ಸಾಂಡರ್ ಗ್ರಹಾಂಬೆಲ್ ಸುರುಳಿಗಳನ್ನೂ ತಮ್ಮ ದೂರವಾಣಿಯನ್ನೂ ಜೋಡಿಸಿ ಲೋಹ ಪತ್ತೆಯ ಸಾಧನವೊಂದನ್ನು ಸಿದ್ಧಪಡಿಸಿದರು. ಪ್ರಯೋಗಶಾಲೆಯಲ್ಲಿ ಅದು ಕೆಲಸ ಮಾಡಿತು. ಅಧ್ಯಕ್ಷರ ಹಾಸಿಗೆಯ ಬಳಿ ಮಾತ್ರ ಗುಂಡಿನ ಜಾಗ ತಿಳಿಯಲಿಲ್ಲ. ಸೆಪ್ಟೆಂಬರ್ 19ರಂದು ಗಾರ್‌ಫೀಲ್ಡ್ ತೀರಿಕೊಂಡರು.

ಸೋಲಿಗೆ ಎರಡು ಕಾರಣ ಹೇಳುತ್ತಾರೆ. ಹಾಸಿಗೆಯಲ್ಲಿದ್ದ ಉಕ್ಕಿನ ಸ್ಪ್ರಿಂಗುಗಳು ಯಂತ್ರವನ್ನು ಗೊಂದಲಕ್ಕೆ ಕೆಡವಿದ್ದು ಒಂದು. ಗುಂಡು ಬಲಭಾಗದಲ್ಲಿಯೇ ಇದೆಯೆಂದು ನಂಬಿದ್ದ ವೈದ್ಯರು ಆ ಭಾಗವನ್ನಷ್ಟೇ ಹುಡುಕಗೊಟ್ಟದ್ದು ಇನ್ನೊಂದು. ಮರಣೋತ್ತರ ಪರೀಕ್ಷೆಯಲ್ಲಿ ಗುಂಡು ಬೆನ್ನುಮೂಳೆಯ ಎಡಕ್ಕೆ ಇದ್ದುದು ಕಂಡುಬಂತು.

ಇಂದಿಗೂ ಹೊಸಬರು ಎಡವುವುದು ಈ ಎರಡರಲ್ಲೇ. ಕೈಯಲ್ಲಿ ಉಕ್ಕಿನ ಕಡಗ, ಪಕ್ಕದಲ್ಲಿ ಗುದ್ದಲಿ, ಜೇಬಿನಲ್ಲಿ ಮೊಬೈಲು ಇಟ್ಟುಕೊಂಡು ಹುಡುಕುವುದು. 'ಇಲ್ಲಿಯೇ ಇದ್ದೀತು' ಎಂದು ಮೊದಲೇ ತೀರ್ಮಾನಿಸಿ ಉಳಿದ ಜಾಗವನ್ನು ಬಿಡುವುದು. ಮಗು ಇದನ್ನು ತಿದ್ದಿಕೊಂಡರೆ ಯಂತ್ರದ ಬೆಲೆ ಅರ್ಧ ವಸೂಲಾದಂತೆಯೇ.

ವಯಸ್ಸಿಗೆ ತಕ್ಕ ಯಂತ್ರ

ಐದರಿಂದ ಏಳು ವರ್ಷದ ಮಕ್ಕಳಿಗೆ ಕೋಲಿನ ಯಂತ್ರದ ಅಗತ್ಯವೇ ಇಲ್ಲ. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಅಂಗಳದಲ್ಲಿ ಎಳೆದಾಡಿಸಿ. ಕಬ್ಬಿಣದ ಪುಡಿ, ಮೊಳೆ, ಗುಂಡುಸೂಜಿಗಳು ಅಂಟಿಕೊಳ್ಳುತ್ತವೆ. ಇನ್ನೂ ಬೇಕೆಂದರೆ ಕಾವಲುಗಾರರು ಮೈಸವರಿ ನೋಡುವ ಕೈಯಂತ್ರ ಕೊಡಿಸಬಹುದು. ಅದು ನೆಲದೊಳಗಿನದನ್ನು ಹುಡುಕಲು ಬಾರದು. ಆದರೆ ಮೆತ್ತೆಯ ಕೆಳಗೆ ಬಚ್ಚಿಟ್ಟ ಚಮಚ ಹುಡುಕುವ ಆಟಕ್ಕೆ ಸಾಕಾಗುತ್ತದೆ. ಹಳೆಯ ಮರವನ್ನು ಗರಗಸಕ್ಕೆ ಕೊಡುವ ಮೊದಲು ಅದರಲ್ಲಿ ಮೊಳೆ ಉಳಿದಿದೆಯೇ ಎಂದು ನೋಡಲು ಮನೆಗೂ ಉಪಯೋಗ.

ಎಂಟರಿಂದ ಹನ್ನೊಂದು ವರ್ಷದವರಿಗೆ 'ಜೂನಿಯರ್' ಎಂಬ ಹೆಸರಿನ ಯಂತ್ರಗಳು ಬರುತ್ತವೆ. ಇವುಗಳಲ್ಲಿ ಗುಂಡಿಗಳು ಕಡಿಮೆ: ಚಾಲೂ ಮಾಡುವುದಕ್ಕೆ ಒಂದು, ಸೂಕ್ಷ್ಮತೆಗೆ ಒಂದು, ಕಬ್ಬಿಣವನ್ನು ಬಿಡುವುದಕ್ಕೆ ಒಂದು. ಅಷ್ಟಿದ್ದರೆ ಸಾಕು. ತಟ್ಟೆ ಆರರಿಂದ ಏಳು ಅಂಗುಲದ್ದಾಗಿರಲಿ. ಸಣ್ಣ ತಟ್ಟೆ ಹಗುರ. ಅಕ್ಕಪಕ್ಕದ ಎರಡು ವಸ್ತುಗಳನ್ನು ಬೇರೆ ಬೇರೆಯಾಗಿ ತೋರಿಸುತ್ತದೆ.

ಹನ್ನೆರಡು ದಾಟಿದವರು, ಅದರಲ್ಲೂ ಆಸಕ್ತಿ ನಿಂತೀತೆಂಬ ನಂಬಿಕೆ ಇರುವವರು, ದೊಡ್ಡವರ ಆರಂಭಿಕ ಯಂತ್ರವನ್ನೇ ನೋಡಬಹುದು. ಅಮೆರಿಕದ ಗ್ಯಾರೆಟ್, ಬೌಂಟಿ ಹಂಟರ್, ಆಸ್ಟ್ರೇಲಿಯದ ಮೈನ್‌ಲ್ಯಾಬ್ ಈ ಬಗೆಯ ಯಂತ್ರಗಳಿಗೆ ಹೆಸರಾದವು. ಇವುಗಳ ಬೆಲೆ ಆಟಿಕೆಗಳಿಗಿಂತ ಬಹಳ ಹೆಚ್ಚು. ಮೊದಲ ವರ್ಷದಲ್ಲಿಯೇ ಇಂಥದಕ್ಕೆ ದುಡ್ಡು ಸುರಿಯಬೇಕಾಗಿಲ್ಲ. ಇಬ್ಬರು ಮೂವರು ಗೆಳೆಯರ ಮನೆಯವರು ಸೇರಿ ಕೊಳ್ಳಬಹುದು. ಶಾಲೆಯ ವಿಜ್ಞಾನ ಸಂಘಕ್ಕೆ ಒಂದು ತರಿಸಿದರೆ ಇನ್ನೂ ಉತ್ತಮ.

ಅಂಗಡಿಯಲ್ಲಿ ನೋಡಬೇಕಾದ್ದು

ಮೊದಲನೆಯದು ತೂಕ. ಮಗು ಯಂತ್ರವನ್ನು ಒಂದೇ ಕೈಯಲ್ಲಿ ಹಿಡಿದು ಹತ್ತು ನಿಮಿಷ ನಿಧಾನವಾಗಿ ಆ ಕಡೆ ಈ ಕಡೆ ಆಡಿಸಲಿ. ಅಂಗಡಿಯವರು ಬೇಸರಪಟ್ಟರೂ ಚಿಂತೆಯಿಲ್ಲ. ಚಿಕ್ಕ ಮಕ್ಕಳಿಗೆ ಒಂದು ಕಿಲೋ ಮೀರಿದರೆ ಭಾರವೇ. ತೋಳು ನೋವು ಬಂದ ದಿನವೇ ಯಂತ್ರ ಅಟ್ಟ ಸೇರುತ್ತದೆ.

ಎರಡನೆಯದು ಉದ್ದ. ಮಗು ಬಗ್ಗದೆ ನೆಟ್ಟಗೆ ನಿಂತಾಗ ತಟ್ಟೆ ನೆಲದಿಂದ ಎರಡು ಬೆರಳು ಮೇಲಿರಬೇಕು. ಕೋಲು ಉದ್ದ ಮಾಡುವಂತಿದ್ದರೆ ಮಗು ಬೆಳೆದರೂ ಉಪಯೋಗಕ್ಕೆ ಬರುತ್ತದೆ.

ಮೂರನೆಯದು ಸದ್ದು. ಕಬ್ಬಿಣಕ್ಕೆ ಒಂದು, ಉಳಿದ ಲೋಹಗಳಿಗೆ ಇನ್ನೊಂದು ಸ್ವರ ಬರುವ ಯಂತ್ರವನ್ನೇ ಆರಿಸಿ. ಎಲ್ಲಕ್ಕೂ ಒಂದೇ 'ಕೀಂ' ಎನ್ನುವ ಯಂತ್ರದಿಂದ ಮಗು ಕಲಿಯುವುದು ಕಡಿಮೆ. ಸದ್ದನ್ನು ಏರಿಸಿ ಇಳಿಸುವ ಗುಂಡಿ, ಹೆಡ್‌ಫೋನ್ ಸಿಕ್ಕಿಸುವ ಜಾಗ ಇದ್ದರೆ ಮನೆಯವರ ಕಿವಿಗೂ ಕ್ಷೇಮ.

ನಾಲ್ಕನೆಯದು ಬ್ಯಾಟರಿ. ಹಳ್ಳಿಯ ಅಂಗಡಿಯಲ್ಲೂ ಸಿಗುವ ಪೆನ್ಸಿಲ್ ಸೆಲ್‌ನಿಂದ ನಡೆಯುವಂತಿದ್ದರೆ ಒಳ್ಳೆಯದು. 9 ವೋಲ್ಟಿನ ಚೌಕ ಬ್ಯಾಟರಿ ಎಲ್ಲ ಕಡೆ ಸಿಗುವುದಿಲ್ಲ. ಆಟ ಮುಗಿದ ಮೇಲೆ ಸೆಲ್ ತೆಗೆದಿಡುವ ಅಭ್ಯಾಸ ಮಾಡಿಸಿ. ಸೋರಿದ ಸೆಲ್ ಯಂತ್ರವನ್ನೇ ತಿಂದುಹಾಕುತ್ತದೆ.

ಐದನೆಯದು ನೀರು. 'ವಾಟರ್‌ಪ್ರೂಫ್' ಎಂದು ಬರೆದಿದ್ದರೆ ತಟ್ಟೆ ಮಾತ್ರವೋ ಇಡೀ ಯಂತ್ರವೋ ಎಂದು ಕೇಳಿ. ಹೆಚ್ಚಿನವುಗಳಲ್ಲಿ ತಟ್ಟೆ ಮಾತ್ರ ನೀರು ತಾಳುತ್ತದೆ.

ಕೊನೆಯದಾಗಿ, ರಶೀದಿ ಮತ್ತು ಗ್ಯಾರಂಟಿ ಪತ್ರ. ಹೆಚ್ಚಿನ ಯಂತ್ರಗಳು ಹೊರದೇಶದವು. ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ ಎಂದು ದುಡ್ಡು ಕೊಡುವ ಮೊದಲೇ ಕೇಳಿ ತಿಳಿಯಬೇಕು.

ನಮ್ಮ ಮಣ್ಣು, ನಮ್ಮ ನಾಣ್ಯ

ಈ ಯಂತ್ರಗಳ ಬಗ್ಗೆ ಬಂದಿರುವ ಸಲಹೆಗಳು ಬಹುಪಾಲು ಇಂಗ್ಲೆಂಡ್ ಅಮೆರಿಕಗಳ ನೆಲವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ನಮ್ಮ ನೆಲ ಬೇರೆ. ಕರಾವಳಿಯ ಮುರಕಲ್ಲು, ಬಯಲುಸೀಮೆಯ ಕೆಂಪುಮಣ್ಣು ಎರಡರ ಬಣ್ಣವೂ ಕಬ್ಬಿಣದ ಆಕ್ಸೈಡಿನದೇ. ಸಂಡೂರು, ಬಳ್ಳಾರಿಯ ಕಡೆಯಂತೂ ನೆಲವೇ ಅದಿರು. ಉತ್ತರ ಕರ್ನಾಟಕದ ಎರೆಮಣ್ಣಿನಲ್ಲಿಯೂ ಬಸಾಲ್ಟ್ ಶಿಲೆಯಿಂದ ಬಂದ ಕಬ್ಬಿಣದ ಅಂಶವಿದೆ. ಇಂಥ ನೆಲದ ಮೇಲೆ ಯಂತ್ರ ಏನೂ ಇಲ್ಲದಿದ್ದರೂ ಗೊಣಗುತ್ತದೆ. ಆದ್ದರಿಂದ ನಮ್ಮ ಮಕ್ಕಳ ಯಂತ್ರದಲ್ಲಿ ಸೂಕ್ಷ್ಮತೆಯನ್ನು ತಗ್ಗಿಸುವ ಗುಂಡಿ ಇರಲೇಬೇಕು. ಮಣ್ಣಿನ ಗುಣಕ್ಕೆ ಯಂತ್ರವನ್ನು ಹೊಂದಿಸುವ 'ಗ್ರೌಂಡ್ ಬ್ಯಾಲೆನ್ಸ್' ಎಂಬ ಏರ್ಪಾಡು ಇದ್ದರೆ ಇನ್ನೂ ಒಳ್ಳೆಯದು. ಮಲ್ಪೆ, ಕಾರವಾರದ ಕಡಲ ತೀರಕ್ಕೆ ಒಯ್ದರೆ ಒಣ ಮರಳಿನಲ್ಲಿ ಹುಡುಕಬೇಕು. ಉಪ್ಪುನೀರು ವಿದ್ಯುತ್ತನ್ನು ಹರಿಯಗೊಡುವುದರಿಂದ ಒದ್ದೆ ಮರಳಿನ ಮೇಲೆ ಸಾಧಾರಣ ಯಂತ್ರ ಸುಮ್ಮನೆ ಕೂಗುತ್ತದೆ.

ನಾಣ್ಯಗಳ ಕತೆ ಇನ್ನೂ ಸ್ವಾರಸ್ಯಕರ. ಹೊರದೇಶದ ಯಂತ್ರದ ಮುಖದ ಮೇಲೆ ಆ ದೇಶದ ನಾಣ್ಯಗಳ ಹೆಸರು ಬರೆದಿರುತ್ತದೆ. ಅದು ನಮಗೆ ಹೊಂದುವುದಿಲ್ಲ. ನಮ್ಮ ಹಳೆಯ ಒಂದು ರೂಪಾಯಿ ತಾಮ್ರ-ನಿಕ್ಕಲ್ ಮಿಶ್ರಲೋಹದ್ದು. 1992ರಿಂದ ಅದು ಸ್ಟೇನ್‌ಲೆಸ್ ಸ್ಟೀಲಿಗೆ ಬದಲಾಯಿತು. ಹೊಸದು ಅಯಸ್ಕಾಂತಕ್ಕೆ ಅಂಟುತ್ತದೆ, ಹಳೆಯದು ಅಂಟುವುದಿಲ್ಲ. ಮನೆಯಲ್ಲಿ ಎರಡೂ ಇದ್ದರೆ ಈಗಲೇ ಪರೀಕ್ಷಿಸಿ ನೋಡಿ. 'ಕಬ್ಬಿಣ ಬೇಡ' ಎಂದು ಗುಂಡಿ ತಿರುಗಿಸಿದರೆ ಯಂತ್ರ ಈ ಹೊಸ ನಾಣ್ಯವನ್ನೂ ಬಿಟ್ಟುಬಿಡಬಹುದು, ಇಲ್ಲವೇ ಗೊಂದಲದ ಸದ್ದು ಮಾಡಬಹುದು. ಆದ್ದರಿಂದ ಕೊಂಡ ಮೊದಲ ದಿನ ಮಗುವಿನ ಕೆಲಸ ಹುಡುಕುವುದಲ್ಲ. ಮೊಳೆ, ಬಾಟಲಿ ಮುಚ್ಚಳ, ಹಳೆಯ ಅಲ್ಯುಮಿನಿಯಂ ಹತ್ತು ಪೈಸೆ, ಹಳೆಯ ಮತ್ತು ಹೊಸ ರೂಪಾಯಿ, ಹಿತ್ತಾಳೆ ಗುಂಡಿ, ತಾಮ್ರದ ತಂತಿ, ಅಮ್ಮನ ಬೆಳ್ಳಿ ಕಾಲುಂಗುರ - ಇವನ್ನು ಮರದ ಹಲಗೆಯ ಮೇಲೆ ಒಂದೊಂದಾಗಿ ಇಟ್ಟು ಯಾವುದಕ್ಕೆ ಯಾವ ಸದ್ದು ಎಂದು ಪಟ್ಟಿ ಮಾಡುವುದು. ನಮ್ಮ ದೇಶಕ್ಕೆ ಬೇಕಾದ ಪಟ್ಟಿಯನ್ನು ಹೊರದೇಶದ ಕಂಪನಿ ಕೊಟ್ಟಿಲ್ಲ, ಮಗುವೇ ತಯಾರಿಸಲಿ.

ಐದು ಲೋಟಗಳ ಪರೀಕ್ಷೆ

ಯಂತ್ರ ನಿಜವಾಗಿ ಕೆಲಸ ಮಾಡುತ್ತದೆಯೇ ಎಂದು ನೋಡಲು ಸುಲಭದ ಪರೀಕ್ಷೆಯಿದೆ. ಐದು ಕಾಗದದ ಲೋಟಗಳನ್ನು ಎರಡೆರಡು ಅಡಿ ಅಂತರದಲ್ಲಿ ಬೋರಲು ಹಾಕಿ. ಯಂತ್ರ ಹಿಡಿದವರು ಮುಖ ತಿರುಗಿಸಿ ನಿಲ್ಲಲಿ. ಒಬ್ಬರು ಯಾವುದಾದರೂ ಒಂದು ಲೋಟದ ಕೆಳಗೆ ತಾಮ್ರದ ಬಿಲ್ಲೆಯನ್ನು ಇಟ್ಟು ಅಲ್ಲಿಂದ ಹೊರಟುಹೋಗಲಿ. ಈಗ ಯಂತ್ರ ಅದನ್ನು ಹುಡುಕಬೇಕು. ಹೀಗೆ ಹತ್ತು ಬಾರಿ ಮಾಡಿ. ಬರಿಯ ಊಹೆಯಿಂದಾದರೆ ಹತ್ತರಲ್ಲಿ ಸರಾಸರಿ ಎರಡು ಸರಿ ಬರುತ್ತದೆ. ನಿಜವಾದ ಯಂತ್ರವಾದರೆ ಹತ್ತಕ್ಕೆ ಹತ್ತು ಬರಬೇಕು.

ಇಷ್ಟೊಂದು ಅನುಮಾನ ಯಾಕೆ ಎನ್ನಬಹುದು. ಇರಾಕ್ ಮತ್ತಿತರ ದೇಶಗಳಿಗೆ ಬ್ರಿಟನ್ನಿನ ಜೇಮ್ಸ್ ಮೆಕಾರ್ಮಿಕ್ ಎಂಬ ವ್ಯಾಪಾರಿ 'ಎಡಿಇ 651' ಎಂಬ ಬಾಂಬು ಪತ್ತೆ ಯಂತ್ರವನ್ನು ಮಾರಿದ. ಹಿಡಿಯ ಮೇಲೊಂದು ಸುಲಭವಾಗಿ ತಿರುಗುವ ಆಂಟೆನಾ. ಅದು ಬಾಂಬು ಇದ್ದ ಕಡೆ ತಾನಾಗಿ ತಿರುಗುತ್ತದೆಂದು ಹೇಳಿಕೆ. ಒಳಗೆ ಕೆಲಸ ಮಾಡುವ ವಸ್ತು ಏನೂ ಇರಲಿಲ್ಲ. ಕಳೆದ ಗಾಲ್ಫ್ ಚೆಂಡು ಹುಡುಕಿಕೊಡುತ್ತದೆಂದು ಅಮೆರಿಕದಲ್ಲಿ ಮಾರುತ್ತಿದ್ದ ಅಗ್ಗದ ಆಟಿಕೆಯೇ ಅದರ ಮೂಲ. ಅದನ್ನು ನಂಬಿ ತಪಾಸಣೆ ಠಾಣೆಗಳಲ್ಲಿ ನಿಂತವರ ಮುಂದೆಯೇ ಬಾಂಬುಗಳು ದಾಟಿಹೋದವು. 2013ರಲ್ಲಿ ಲಂಡನ್ನಿನ ನ್ಯಾಯಾಲಯ ಅವನಿಗೆ ಹತ್ತು ವರ್ಷ ಸೆರೆವಾಸ ವಿಧಿಸಿತು. 'ನೂರು ಅಡಿ ದೂರದಿಂದಲೇ ಚಿನ್ನ ತೋರಿಸುತ್ತದೆ' ಎಂದು ನಮ್ಮಲ್ಲಿ ಗುಟ್ಟಾಗಿ ಮಾರುವ ಕಡ್ಡಿ-ಆಂಟೆನಾ ಯಂತ್ರಗಳದೂ ಇದೇ ಜಾತಿ. ಐದು ಲೋಟಗಳ ಮುಂದೆ ಅವು ಒಂದು ದಿನವೂ ನಿಲ್ಲಲಾರವು. ಹನ್ನೆರಡು ವರ್ಷದ ಮಗುವಿಗೆ ಈ ಪರೀಕ್ಷೆ ಗೊತ್ತಿದ್ದರೆ ಆ ಮನೆಯ ದೊಡ್ಡವರು ಮೋಸಹೋಗುವುದು ಕಷ್ಟ.

ಕೊಳ್ಳುವ ಮುನ್ನ ಬಿಟ್ಟಿ ಪ್ರಯೋಗ

ಮನೆಯಲ್ಲಿ ಮೀಡಿಯಂ ವೇವ್ ಇರುವ ಹಳೆಯ ಟ್ರಾನ್ಸಿಸ್ಟರ್ ಇದೆಯೇ? ಯಾವ ಕೇಂದ್ರವೂ ಬಾರದ ಕಡೆ ಅದರ ಮುಳ್ಳನ್ನು ನಿಲ್ಲಿಸಿ. ಬ್ಯಾಟರಿಯಿಂದ ನಡೆಯುವ ಕ್ಯಾಲ್ಕುಲೇಟರನ್ನು ಚಾಲೂ ಮಾಡಿ ರೇಡಿಯೊದ ಬೆನ್ನಿಗೆ ತಾಗಿಸಿ. ಜುಂಯ್ ಎಂಬ ಸದ್ದು ಬಂದೀತು. ಕ್ಯಾಲ್ಕುಲೇಟರನ್ನು ಮೆಲ್ಲನೆ ದೂರ ಸರಿಸುತ್ತ, ಸದ್ದು ಇನ್ನೇನು ಅಡಗಿತು ಎನ್ನುವಲ್ಲಿ ನಿಲ್ಲಿಸಿ. ಈಗ ಒಂದು ಸ್ಟೀಲ್ ಚಮಚವನ್ನು ಎರಡರ ಹತ್ತಿರ ತನ್ನಿ. ಸದ್ದು ಬದಲಾಗುತ್ತದೆ. ಕ್ಯಾಲ್ಕುಲೇಟರಿನ ಒಳಗಿನ ವಿದ್ಯುತ್ ಸ್ಪಂದನಗಳು ಹೊರಸೂಸುವ ಕ್ಷೀಣ ಅಲೆಗಳನ್ನು ಲೋಹ ತಿರುಚಿದ್ದೇ ಇದಕ್ಕೆ ಕಾರಣ. ಎಲ್ಲ ಕ್ಯಾಲ್ಕುಲೇಟರುಗಳೂ ಹೀಗೆ ಹಾಡುವುದಿಲ್ಲ; ಎರಡು ಮೂರನ್ನು ಪ್ರಯತ್ನಿಸಿ.

ಇದರಲ್ಲಿ ರುಚಿ ಕಂಡ ಪ್ರೌಢಶಾಲೆಯ ವಿದ್ಯಾರ್ಥಿಗಳು ಶಿಕ್ಷಕರ ನೆರವಿನಿಂದ ಸಣ್ಣ ಯಂತ್ರವನ್ನು ತಾವೇ ಕಟ್ಟಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ತಾಮ್ರದ ತಂತಿ, ಟ್ರಾನ್ಸಿಸ್ಟರ್, ಕೆಪಾಸಿಟರ್ ಎಲ್ಲವೂ ಬಿಡಿಬಿಡಿಯಾಗಿ ಸಿಗುತ್ತವೆ. ಕಟ್ಟಿದ್ದು ಅಂಗಡಿಯ ಯಂತ್ರದಷ್ಟು ಚುರುಕಾಗಿರಲಿಕ್ಕಿಲ್ಲ. ಆದರೆ ಸುರುಳಿ ಸುತ್ತಿದ ಕೈಗೆ ಆ ಅಧ್ಯಾಯವನ್ನು ಬಾಯಿಪಾಠ ಮಾಡುವ ಕಷ್ಟ ಉಳಿಯುವುದಿಲ್ಲ. ಈ ಪ್ರಯೋಗದಲ್ಲಿ ಒಂದು ವಾರ ಆಸಕ್ತಿ ನಿಂತ ಮಗುವಿಗೆ ಯಂತ್ರ ಕೊಡಿಸಬಹುದು. ಎರಡನೆಯ ದಿನವೇ ಬೇಸರ ಬಂದರೆ ದುಡ್ಡು ಉಳಿಯಿತು.

'ಸಾರ್, ಚಿನ್ನ ಸಿಗುತ್ತಾ?'

ತರಗತಿಯಲ್ಲಿ ಈ ಯಂತ್ರದ ಮಾತೆತ್ತಿದರೆ ಮಕ್ಕಳು ಕೇಳುವ ಮೊದಲ ಪ್ರಶ್ನೆ ಇದೇ. ಉತ್ತರವನ್ನು ನೇರವಾಗಿ ಹೇಳಿಬಿಡಬೇಕು: ಸಿಗುವುದಿಲ್ಲ. ಹಟ್ಟಿಯ ಗಣಿಯಲ್ಲಿ ಕೂಡ ಒಂದು ಟನ್ ಅದಿರಿನಲ್ಲಿರುವುದು ಕೆಲವೇ ಗ್ರಾಂ ಚಿನ್ನ, ಅದೂ ಕಲ್ಲಿನಲ್ಲಿ ಬೆರೆತ ಸಣ್ಣ ಕಣಗಳಾಗಿ. ಕೋಲಿನ ಯಂತ್ರಕ್ಕೆ ಅದು ಕಾಣುವುದೇ ಇಲ್ಲ.

ಸಿಗುವುದು ಬೇರೆ. ಹೊಲದಲ್ಲಿ ಎತ್ತಿನ ಲಾಳ, ಲಾಳದ ಮೊಳೆ, ಸವೆದ ನೇಗಿಲ ಕುಳ, ಮುರಿದ ಕುಡುಗೋಲು. ಹಿತ್ತಲಿನಲ್ಲಿ ಬೀಗದ ಕೈ, ಹಳೆಯ ಪೈಸೆ, ಎಂದೋ ಕಳೆದ ಓಲೆಯ ತಿರುಪು. ಇವು ಚಿನ್ನವಲ್ಲದಿದ್ದರೂ ಆ ಮನೆಯ, ಆ ಹೊಲದ ಚರಿತ್ರೆ. ಲಾಳವನ್ನು ಅಜ್ಜನ ಕೈಗೆ ಕೊಟ್ಟರೆ ಅದು ಯಾವ ಎತ್ತಿನದಿರಬಹುದು ಎಂಬ ಕತೆ ತಾನಾಗಿ ಹೊರಬರುತ್ತದೆ.

ಇನ್ನೊಂದು ದೊಡ್ಡ ಉಪಕಾರವಿದೆ. ಮೇವಿನ ಜೊತೆ ಮೊಳೆ, ತಂತಿಯ ಚೂರು ನುಂಗಿದ ಹಸು ಎಮ್ಮೆಗಳಲ್ಲಿ ಅದು ಹೊಟ್ಟೆಯ ಗೋಡೆ ಚುಚ್ಚಿ ಹೃದಯದ ಚೀಲಕ್ಕೂ ತಾಗಿ ಪ್ರಾಣಕ್ಕೇ ಎರವಾಗುವುದುಂಟು. ಪಶುವೈದ್ಯರು ಕೂಡ ಇಂಥದನ್ನು ಪತ್ತೆ ಮಾಡಲು ಮೆಟಲ್ ಡಿಟೆಕ್ಟರ್ ಬಳಸುತ್ತಾರೆ. ರಜೆಯ ಒಂದು ಬೆಳಿಗ್ಗೆ ಮಗು ಕೊಟ್ಟಿಗೆಯ ಸುತ್ತ, ಕಣದಲ್ಲಿ, ಬಣವೆಯ ಬುಡದಲ್ಲಿ ಯಂತ್ರ ಆಡಿಸಿ ಒಂದು ಡಬ್ಬಿ ಮೊಳೆ ತಂತಿ ಆರಿಸಿದರೆ ಅದು ರೈತನ ಮನೆಗೆ ನಿಧಿಗಿಂತ ಕಡಿಮೆಯೇನಲ್ಲ.

ಎಲ್ಲಿ ಬೇಡ?

ಹಂಪಿ, ಐಹೊಳೆ, ಲಕ್ಕುಂಡಿ, ಬನವಾಸಿ, ತಲಕಾಡು ಅಥವಾ ನಿಮ್ಮೂರಿನ ಹಾಳು ಗುಡಿ, ವೀರಗಲ್ಲು, ಕೋಟೆ - ಇಲ್ಲೆಲ್ಲೂ ಯಂತ್ರವನ್ನು ಒಯ್ಯಬಾರದು. ಕೇಂದ್ರದ 1958ರ ಕಾಯ್ದೆ, ಕರ್ನಾಟಕದ 1961ರ ಕಾಯ್ದೆಗಳು ಸಂರಕ್ಷಿತ ಸ್ಮಾರಕಗಳಲ್ಲಿ ಅನುಮತಿಯಿಲ್ಲದೆ ಅಗೆಯುವುದನ್ನು ನಿಷೇಧಿಸಿವೆ. ನೆಲದಲ್ಲಿ ಹುದುಗಿದ್ದ ಬೆಲೆಬಾಳುವ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ನಿಧಿ ಕಾಯ್ದೆ ಹೇಳುತ್ತದೆ. ಬ್ರಿಟಿಷರು 1878ರಲ್ಲಿಯೇ ಇಂಥ ಕಾನೂನು ತಂದಿದ್ದರು, ಕರ್ನಾಟಕದ್ದು 1962ರದು. ನೂರು ವರ್ಷ ದಾಟಿದ ನಾಣ್ಯ, ವಿಗ್ರಹಗಳಿಗೆ 1972ರ ಪ್ರಾಚ್ಯವಸ್ತು ಕಾಯ್ದೆಯೂ ಅನ್ವಯಿಸುತ್ತದೆ. ಬೇರೆಯವರ ಹೊಲವಾದರೆ ಮಾಲೀಕರ ಒಪ್ಪಿಗೆ ಕೇಳಬೇಕು.

ಕಾನೂನಿನ ಭಯಕ್ಕಿಂತ ದೊಡ್ಡ ಕಾರಣವೂ ಇದೆ. ನಮ್ಮ ಎಷ್ಟೋ ಹಳೆಯ ಗುಡಿಗಳಲ್ಲಿ ಲಿಂಗ ಕಿತ್ತು, ಗರ್ಭಗುಡಿ ಅಗೆದು ಹೋದವರು ನಿಧಿಗಳ್ಳರು. ಅವರಿಗೆ ಸಿಕ್ಕಿದ್ದು ಬಹುತೇಕ ಏನೂ ಇಲ್ಲ. ಕೆಟ್ಟದ್ದು ಮಾತ್ರ ಮತ್ತೆ ಕಟ್ಟಲಾಗದ್ದು. ಮಣ್ಣಿನ ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ ವಸ್ತು ಇತ್ತು ಎಂಬುದರಿಂದಲೇ ಪುರಾತತ್ವಜ್ಞರು ಕಾಲವನ್ನು ಓದುತ್ತಾರೆ. ಕಿತ್ತ ಮೇಲೆ ಆ ಪುಟ ಹರಿದಂತೆ.

ಇದನ್ನು ಅರಿತು ನಡೆದುಕೊಂಡವರ ಉದಾಹರಣೆ ಇಂಗ್ಲೆಂಡಿನಲ್ಲಿದೆ. 1992ರ ನವೆಂಬರ್ 16ರಂದು ಸಫೋಕ್ ಪ್ರಾಂತ್ಯದ ಹಾಕ್ಸ್‌ನ್ ಎಂಬ ಹಳ್ಳಿಯಲ್ಲಿ ಎರಿಕ್ ಲಾಸ್ ಎಂಬ ನಿವೃತ್ತ ತೋಟಗಾರರು ಗೆಳೆಯನ ಹೊಲದಲ್ಲಿ ಕಳೆದ ಸುತ್ತಿಗೆಯನ್ನು ಹುಡುಕುತ್ತಿದ್ದರು. ಯಂತ್ರ ಕೂಗಿತು, ನಾಣ್ಯಗಳೂ ಬೆಳ್ಳಿಯ ಚಮಚಗಳೂ ಕಂಡವು. ಅವರು ಪೂರ್ತಿ ಅಗೆಯದೆ ಅಲ್ಲಿಗೇ ನಿಲ್ಲಿಸಿ ಅಧಿಕಾರಿಗಳಿಗೆ ತಿಳಿಸಿದರು. ಮರುದಿನ ಪುರಾತತ್ವಜ್ಞರು ಬಂದು ಎಚ್ಚರಿಕೆಯಿಂದ ಅಗೆದರು. ಸುಮಾರು 15 ಸಾವಿರ ರೋಮನ್ ನಾಣ್ಯಗಳು, ಇನ್ನೂರರಷ್ಟು ಚಿನ್ನ ಬೆಳ್ಳಿಯ ವಸ್ತುಗಳು ಸಿಕ್ಕವಲ್ಲದೆ, ಅವನ್ನು ಮರದ ಪೆಟ್ಟಿಗೆಯಲ್ಲಿ ಹೇಗೆ ಜೋಡಿಸಿಟ್ಟಿದ್ದರೆಂಬುದೂ ತಿಳಿಯಿತು. 17 ಲಕ್ಷ 50 ಸಾವಿರ ಪೌಂಡ್ ಬಹುಮಾನ ಬಂತು. ಅದನ್ನು ಗೆಳೆಯನೊಡನೆ ಹಂಚಿಕೊಂಡರು. ಸುತ್ತಿಗೆಯೂ ಸಿಕ್ಕಿತು. ನಿಧಿಯ ಜೊತೆ ಅದೂ ಬ್ರಿಟಿಷ್ ಮ್ಯೂಸಿಯಂ ಸೇರಿತು.

ಎಚ್ಚರಿಕೆಯ ಪಟ್ಟಿ

ಮೈಗೆ ಸಂಬಂಧಿಸಿದ ಎಚ್ಚರವೂ ಬೇಕು. ತುಕ್ಕು ಹಿಡಿದ ಮೊಳೆ, ಗಾಜಿನ ಚೂರು ಇರುವ ಮಣ್ಣಿಗೆ ಬರಿಗೈ ಹಾಕಬಾರದು. ದಪ್ಪ ಕೈಗವಸು, ಮುಚ್ಚಿದ ಬೂಟು ಇರಲಿ. ಸರಕಾರದ ಲಸಿಕಾ ಕಾರ್ಯಕ್ರಮದಲ್ಲಿ ಹತ್ತು ಮತ್ತು ಹದಿನಾರನೆಯ ವಯಸ್ಸಿಗೆ ಧನುರ್ವಾಯು ತಡೆಯುವ ಚುಚ್ಚುಮದ್ದು ಇದೆ. ಅದು ಆಗಿದೆಯೇ ನೋಡಿ. ಹುತ್ತ, ಕಲ್ಲುಗುಡ್ಡೆ, ಪೊದೆಗಳ ಬಳಿ ಹುಡುಕುವುದು ಬೇಡ. ಪಂಪ್‌ಸೆಟ್ಟಿನ ಕೇಬಲು, ಮನೆಯ ನೀರಿನ ಕೊಳವೆ ಎಲ್ಲಿ ಹಾದಿವೆ ಎಂದು ಮೊದಲೇ ತಿಳಿದು ಆ ಕಡೆ ಅಗೆಯಬೇಡಿ. ಕಾಡಂಚಿನ ಊರುಗಳಲ್ಲಿ ಹಂದಿಗೆಂದು ಇಟ್ಟ ಸಿಡಿಮದ್ದಿನ ಉಂಡೆಯಂಥದು, ಅಥವಾ ಮದ್ದುಗುಂಡಿನಂಥ ಯಾವುದೇ ವಸ್ತು ಕಂಡರೆ ಮುಟ್ಟದೆ ದೂರ ಬಂದು 112ಕ್ಕೆ ಕರೆಮಾಡಿ. ಅಗೆದ ಗುಂಡಿಯನ್ನು ಮುಚ್ಚದೆ ಬರಬಾರದು. ತೆರೆದ ಗುಂಡಿಯಲ್ಲಿ ಕರುವಿನ ಕಾಲು ಮುರಿದೀತು.

ಯಂತ್ರದ ಜೊತೆ ಒಂದು ನೋಟುಬುಕ್ಕನ್ನೂ ಕೊಡಿಸಿ. ತಾರೀಖು, ಜಾಗ, ಆಳ, ಯಂತ್ರದ ಸದ್ದು, ಅಗೆಯುವ ಮೊದಲಿನ ಊಹೆ, ಅಗೆದ ಮೇಲೆ ಸಿಕ್ಕಿದ್ದು - ಆರು ಅಂಕಣ ಸಾಕು. ತಿಂಗಳ ಕೊನೆಗೆ ಊಹೆ ನೂರಕ್ಕೆ ಎಷ್ಟು ಸರಿಯಾಯಿತು ಎಂದು ಮಗು ಲೆಕ್ಕ ಹಾಕಲಿ. ಮೊದಲ ತಿಂಗಳಿಗಿಂತ ಮೂರನೆಯ ತಿಂಗಳು ಆ ಅಂಕಿ ಏರಿದ್ದರೆ ಮಗುವಿಗೆ ಯಂತ್ರದ ಭಾಷೆ ತಿಳಿಯುತ್ತಿದೆ ಎಂದರ್ಥ.

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಚಿನ್ನದ ಜಾಡು ಹುಡುಕುತ್ತಿದ್ದ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಒಂದು ಬಂಡೆಯ ಮೇಲೆ ಅಕ್ಷರಗಳನ್ನು ಕಂಡರು. ಅದು ಅಶೋಕನ ಶಾಸನ. ಅದುವರೆಗೆ ಸಿಕ್ಕಿದ್ದ ಶಾಸನಗಳಲ್ಲಿ 'ದೇವಾನಾಂಪ್ರಿಯ'ದಂಥ ಬಿರುದುಗಳು ಮಾತ್ರ ಇದ್ದವು. ಅಶೋಕ ಎಂಬ ಹೆಸರನ್ನೇ ಹೊತ್ತ ಶಾಸನ ಅಲ್ಲಿ ಮೊದಲ ಬಾರಿಗೆ ಸಿಕ್ಕಿತು. ಬೀಡನ್ ಚಿನ್ನವನ್ನಷ್ಟೇ ನೋಡುವವರಾಗಿದ್ದರೆ ಬಂಡೆಯನ್ನು ದಾಟಿ ಹೋಗುತ್ತಿದ್ದರು.

ಮೆಟಲ್ ಡಿಟೆಕ್ಟರನ್ನು ಕೊಡಿಸುವ ಪಾಲಕರು ಮಗುವಿಗೆ ಈ ಕತೆಯನ್ನೂ ಹೇಳಲಿ. ಬರುವ ರಜೆಗೆ ಮೊದಲು ಟ್ರಾನ್ಸಿಸ್ಟರ್ ಮತ್ತು ಕ್ಯಾಲ್ಕುಲೇಟರಿನ ಪ್ರಯೋಗ. ಅದು ರುಚಿಸಿದರೆ ಹಗುರವಾದ, ಎರಡು ಸ್ವರದ, ಸೂಕ್ಷ್ಮತೆ ತಗ್ಗಿಸಬಲ್ಲ ಒಂದು ಸಾಧಾರಣ ಯಂತ್ರ. ಆಮೇಲೆ ಸ್ವಂತ ಹಿತ್ತಲಲ್ಲಿ ಮೊದಲ ಹುಡುಕಾಟ. ಈ ಕ್ರಮದಲ್ಲಿ ನಡೆದರೆ ಖರ್ಚು ಮಾಡಿದ ರೂಪಾಯಿಗೆ ಮೋಸವಿಲ್ಲ.